ಇದ್ದ ತಂದೆಯನ್ನು ಇಲ್ಲವೆಂದು ಬರೆದೆ

ಶಹಾಪುರದ ಹತ್ತಿರದ ಹಳ್ಳಿಯೊಂದರ ಸರಕಾರಿ ಶಾಲೆಯಲ್ಲಿ ನಾನು ಶಿಕ್ಷಕಿ. ನಮ್ಮಲ್ಲಿ ಬಿಸಿಯೂಟ ಮಾಡುವಾಕೆಯ ಮಗಳು ಆಗ ಐದನೇ ತರಗತಿಯಲ್ಲಿದ್ದಳು. ನಾಲ್ಕು ಹೆಜ್ಜೆ ಓಡಿದರೆ ತುಟಿ ನೀಲಿಯಾಗುತ್ತಿತ್ತು. ಹೃದಯದಲ್ಲಿ ರಂಧ್ರವಿದೆ, ಹೈದರಾಬಾದಿನಲ್ಲಿ ಆಪರೇಷನ್ ಮಾಡಿಸಿ ಎಂದರು ಯಾದಗಿರಿಯ ವೈದ್ಯರು. ಅಷ್ಟು ಹಣ ಆ ಮನೆಯಲ್ಲಿ ಎಲ್ಲಿಂದ ಬರಬೇಕು? ಮೊಬೈಲಿನಲ್ಲಿ ಜನರ ಸಹಾಯ ಕೇಳೋಣ ಎಂದವಳು ನಾನೇ.

ತಂದೆ ಕುರಿಗಾರ, ಹಿಂಡು ಹೊಡೆದುಕೊಂಡು ಹುಣಸಗಿ ಕಡೆ ಹೋಗಿದ್ದ. ಇಂಥ ಮನವಿಗಳನ್ನು ಒಂದಿಷ್ಟು ಓದಿ ನೋಡಿದೆ. ತಂದೆಯಿಲ್ಲದ ಮಕ್ಕಳಿಗೆ ಬೇಗ ಹಣ ಕೂಡುತ್ತದೆ ಎನ್ನಿಸಿತು. ಹಾಗೇ ಬರೆದೆ. ಆಮೇಲೆ ಫೋಟೊ. ಮಗಳನ್ನು ತಬ್ಬಿ ಕೂತ ಆಕೆಯ ಹಣೆಯಲ್ಲಿ ಕಾಸಿನಗಲ ಕುಂಕುಮ.

"ಅಕ್ಕಾ, ಅದನ್ನ ಒರಸ್ಕೊಳ್ರಿ."

"ಯಾಕ್ರಿ ಟೀಚರ್ರ?"

"ಫೋಟೋದಾಗ ಚಂದ ಕಾಣಂಗಿಲ್ಲ."

ಆಕೆ ನನ್ನನ್ನೇ ನೋಡಿದಳು. ಸೆರಗಿನಿಂದ ಹಣೆ ಒರೆಸಿಕೊಂಡಳು. ನಾನು ಹೇಳದಿದ್ದರೂ ತಾಳಿಯನ್ನು ಕುಪ್ಪಸದೊಳಗೆ ಸೇರಿಸಿದಳು.

ಹಣ ಬೇಗನೆ ಕೂಡಿತು. ಆಪರೇಷನ್ನಿಗೆ ಎರಡು ದಿನವಿದ್ದಾಗ, ಮಗಳ ಜೊತೆ ಹೈದರಾಬಾದಿಗೆ ಹೋಗಲೆಂದು ಆತ ಊರಿಗೆ ಬಂದ. ನೆಟ್ಟಗೆ ಶಾಲೆಗೇ ಬಂದ.

"ಟೀಚರ್ರ, ನಾ ಸತ್ತೇನಂತ ಬರದೀರಂತಲ್ರಿ? ಕುರಿ ತರುಬಿ ನಿಲ್ಸಿದ್ದ ಹೊಲದ ಸಾವಕಾರ ಮೊಬೈಲ್ನಾಗ ಓದಿ ಹೇಳ್ದ."

"ತಪ್ಪಾತ್ರಿ, ಈಗ್ಲೇ ತಿದ್ದತೀನಿ" ಎಂದು ಮೊಬೈಲ್ ತೆಗೆದೆ.

"ತಿದ್ದಿದ್ರ ಮಂದಿ ರೊಕ್ಕ ವಾಪಸ್ ಕೇಳ್ತಾರೇನ್ರಿ?"

"ಕೇಳಬಹುದು."

ಆತ ಕಟ್ಟೆಯ ಮೇಲೆ ಕೂತ. "ಹಂಗಾದ್ರ ಇರ್ಲಿ ಬಿಡ್ರಿ. ನಾ ದವಾಖಾನಿಗಿ ಬರಂಗಿಲ್ಲ. ಯಾರರ ನೋಡಿದ್ರ ಸುಳ್ಳ ಬಯಲಾಗ್ತದ."

ಬನ್ನಿ, ಏನಾದರೂ ಆಗಲಿ ಎನ್ನಬೇಕಿತ್ತು. ಎನ್ನಲಿಲ್ಲ. ತಾಯಿಯ ಜೊತೆ ನಾನು ಹೋದೆ. ಒಳಗೆ ಕರೆದೊಯ್ಯುವಾಗ ಹುಡುಗಿ ಕೇಳಿದಳು: "ಟೀಚರ್ರ, ಅಪ್ಪ ಯಾಕ ಬಂದಿಲ್ಲ?"

"ಕುರಿ ಬಿಟ್ಟು ಬರಾಕ ಆಗಿಲ್ಲವ್ವ."

ತಾಯಿ ಗೋಡೆಯ ಕಡೆ ಮುಖ ತಿರುಗಿಸಿದಳು.

ಮಗು ಉಳಿಯಿತು. ಈಗ ಶಹಾಪುರದ ಹೈಸ್ಕೂಲಿಗೆ ಹೋಗುತ್ತಾಳೆ, ಬಸ್ಸಿಗೆ ಓಡಿ ಹತ್ತುತ್ತಾಳೆ. ತಂದೆ ದಾರಿಯಲ್ಲಿ ಸಿಕ್ಕರೆ ನಿಂತು "ಶರಣ್ರಿ" ಎನ್ನುತ್ತಾನೆ. ತನಗಿಂತ ಅಪ್ಪನಿಗೆ ಕುರಿಗಳೇ ಹೆಚ್ಚಾದವು ಎಂಬ ಸಿಟ್ಟು ಮಗಳಿಗೆ ಇಂದಿಗೂ ಇದೆಯಂತೆ, ತಾಯಿ ಹೇಳಿದಳು. ನಿಜ ಹೇಳಿಬಿಡೋಣವೆಂದು ಹುಡುಗಿಯನ್ನು ಎರಡು ಸಲ ಮನೆಗೆ ಕರೆದೆ. ಎರಡು ಸಲವೂ ಓದಿನ ವಿಚಾರ ಕೇಳಿ, ಚಹಾ ಕೊಟ್ಟು ಕಳಿಸಿದೆ.