ಹುರಿದ ಮಣ್ಣಿನಲ್ಲಿ ಆರುನೂರು ಸಸಿ

ನರ್ಸರಿಯಲ್ಲಿ ಎಲ್ಲರೂ ಅವನನ್ನು ಮೇಸ್ತ್ರಿ ಎನ್ನುತ್ತಿದ್ದರು. ಕಾಗದದ ಮೇಲೆ ಅವನು ಮೇಸ್ತ್ರಿ ಅಲ್ಲ, ಕೂಲಿಯಾಳು. ಇಪ್ಪತ್ತಾರು ವರ್ಷ ಕೂಲಿಯಾಳಾಗಿಯೇ ಇದ್ದ. ಮೇಸ್ತ್ರಿ ಅಂತ ಮೊದಲು ಕರೆದದ್ದು ಸಸಿಯ ಚೀಲಕ್ಕೆ ಮಣ್ಣು ತುಂಬುವ ಅಜ್ಜಿ. ಅದೂ ಹಂಗಿಸಲಿಕ್ಕೆ. ಎಲ್ಲರ ಕೆಲಸದಲ್ಲೂ ಮೂಗು ತೂರಿಸುವುದು ಅವನ ಚಾಳಿ. ಹೆಸರು ಅಂಟಿಕೊಂಡಿತು, ಬಿಡಲಿಲ್ಲ.

ಅವನ ಹೆಂಡತಿಯೂ ಅಲ್ಲೇ ಕೆಲಸಕ್ಕಿದ್ದಳು. ಬೀಜ ಬಿಡಿಸುವುದು, ಕಳೆ ಕೀಳುವುದು, ಸಸಿ ಎತ್ತಿಡುವುದು. ಮದುವೆಯಾದ ಮರುತಿಂಗಳೇ ಬಂದು ಸೇರಿದವಳು.

"ಮನೇಲೂ ಅವನ ಮುಖ, ಇಲ್ಲೂ ಅವನ ಮುಖ. ಬೇಜಾರಾಗಲ್ವೇನೇ?" ಎಂದು ಅಜ್ಜಿ ಕೇಳುತ್ತಿದ್ದಳು.

"ಮುಖ ಎಲ್ಲಿ ಕಾಣುತ್ತೆ? ದಿನವಿಡೀ ಬಗ್ಗಿಕೊಂಡೇ ಇರ್ತಾರೆ. ನನಗೆ ಕಾಣೋದು ಬೆನ್ನು."

ಅಲ್ಲಿ ಬೆಳೆಸುತ್ತಿದ್ದದ್ದು ಹೆಚ್ಚಾಗಿ ಒಂದೇ ಕುಲದ ಮರ. ಜನ ಹತ್ತಿಕಾಯಿ ಮರ ಎನ್ನುತ್ತಾರೆ. ಅವರೆ, ಹುರುಳಿಯ ನೆಂಟನೇ, ಆದರೆ ಮರ. ಕಾಯಿ ಒಡೆದರೆ ಬೀಜದ ಸುತ್ತ ಹತ್ತಿಯಂಥ ಬಿಳಿ ತಿರುಳು, ತಿಂದರೆ ಸಿಹಿ. ಅದರಲ್ಲಿ ಲೆಕ್ಕವಿಲ್ಲದಷ್ಟು ಬಗೆ. ಹಗ್ಗದ ಹಾಗೆ ಹೊಸೆದ ಮೊಳದುದ್ದದ ಕಾಯಿ ಒಂದರದು, ಚಪ್ಪಟೆ ಕಾಯಿ ಒಂದರದು, ಮೈತುಂಬ ರೋಮದ್ದು ಇನ್ನೊಂದರದು. ಕಾಯಿ ಕಂಡರೆ ಯಾರಾದರೂ ಹೇಳಿಯಾರು. ಸಸಿಯಾಗಿರುವಾಗ ಎಲ್ಲ ಒಂದೇ ಥರ. ಮೇಸ್ತ್ರಿ ಸಸಿಯಲ್ಲೇ ಹೇಳುತ್ತಿದ್ದ. ಜೋಡಿ ಎಲೆಗಳು ಕೂಡುವ ಕಡೆ ದಂಟಿನ ಮೇಲೆ ಒಂದು ಸಣ್ಣ ಬಟ್ಟಲಿರುತ್ತದೆ. ಅದರೊಳಗೆ ಸಿಹಿ ಹನಿ, ಹನಿಗೆ ಇರುವೆ. ಆ ಬಟ್ಟಲು ಗುಂಡಗಿದೆಯೋ ಉದ್ದಕ್ಕಿದೆಯೋ ನೋಡಿ ಬಗೆ ಹೇಳುತ್ತಿದ್ದ. ಹದಿನಾರು ಬಗೆ ಗೊತ್ತಿತ್ತು. ಓದಿದ್ದು ಮೂರನೇ ಕ್ಲಾಸು.

ಈ ಬೀಜವನ್ನು ಒಣಗಿಸಿ ಇಡಲಿಕ್ಕೆ ಬರುವುದಿಲ್ಲ. ಒಣಗಿದರೆ ಸತ್ತಿತು. ಕಾಯಿ ಬಿಡಿಸಿದ ದಿನವೇ ಊರಬೇಕು. ಮಣ್ಣಿಗೂ ಒಂದು ಪದ್ಧತಿ ಇದೆ. ಈ ಮರ ಬೇರಿನಲ್ಲಿ ಸಣ್ಣ ಸಣ್ಣ ಗಂಟು ಕಟ್ಟಿಕೊಂಡು ಗಾಳಿಯಿಂದಲೇ ತನ್ನ ಗೊಬ್ಬರ ತಾನು ಮಾಡಿಕೊಳ್ಳುತ್ತದೆ. ಗಂಟು ಕಟ್ಟಿಸುವುದು ಕಣ್ಣಿಗೆ ಕಾಣದ ಒಂದು ಜೀವ. ಅದು ಇರುವುದು ದೊಡ್ಡ ಮರದ ಬುಡದ ಮಣ್ಣಿನಲ್ಲಿ. ಆದ್ದರಿಂದ ಚೀಲ ತುಂಬುವಾಗ ಮರಳುಮಣ್ಣಿಗೆ ತಾಯಿಮರದ ಬುಡದ ಮಣ್ಣನ್ನು ಬುಟ್ಟಿಯಲ್ಲಿ ತಂದು ಬೆರೆಸುತ್ತಾರೆ. ಮೇಸ್ತ್ರಿ ಅದಕ್ಕೆ ಹೆಪ್ಪು ಹಾಕುವುದು ಎನ್ನುತ್ತಿದ್ದ.

ಹೋದ ವರ್ಷ ಬುಡಕೊಳೆ ಬಂತು. ನಾಲ್ಕು ಪಾತಿ ಸಸಿಗಳು ಸೊಂಟ ಮುರಿದ ಹಾಗೆ ಮಲಗಿದವು. ಮೇಸ್ತ್ರಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಹಾವು ಕಂಡು ಬೆದರಿದವನಿಗೆ ಹಗ್ಗವೂ ಹಾವು. ಈ ವರ್ಷ ಅವನು ದೊಡ್ಡ ಕಬ್ಬಿಣದ ಬಾಣಲೆ ತಂದು, ಮೂರು ಕಲ್ಲು ಹೂಡಿ, ಕೊಳೆರೋಗ ಮಣ್ಣಲ್ಲೇ ಸಾಯಲಿ ಎಂದು ಆರುನೂರು ಚೀಲದ ಮಣ್ಣನ್ನು ಹುರಿದ. ಮೂರು ದಿನ ಹಿಡಿಯಿತು. ಕೊನೆಗೆ ತಾಯಿಮರದ ಮಣ್ಣನ್ನೂ ಬಾಣಲೆಗೆ ಸುರಿದ.

ಹೆಂಡತಿ ಸೌದೆ ಹಾಕುತ್ತಿದ್ದಳು. ಹೆಪ್ಪನ್ನೇ ಕಾಯಿಸಿದರೆ ಮೊಸರಾದೀತೇ ಎಂದು ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಅವನ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅವಳಿಗೂ ಹೊಗೆಯಲ್ಲಿ ಕಣ್ಣು ಉರಿಯುತ್ತಿತ್ತು. ಇನ್ನೊಂದು ಕೊಳ್ಳಿ ಒಳಗೆ ತಳ್ಳಿದಳು.

ಬೀಜ ಊರಿದ ಐದನೇ ದಿನಕ್ಕೆ ಮೊಳಕೆ ಬಂತು. ಒಂದೂ ಕೊಳೆಯಲಿಲ್ಲ. "ನೋಡಿದ್ಯಾ?" ಎಂದ. "ನೋಡಿದೆ," ಎಂದಳು. ಇಪ್ಪತ್ತನೇ ದಿನ ಬೆಳಿಗ್ಗೆ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದವನು ಎದೆ ಹಿಡಿದುಕೊಂಡು ಕುಳಿತ. ಮತ್ತೆ ಏಳಲಿಲ್ಲ. ಐವತ್ತೆರಡು ವರ್ಷ. ಅವನು ಹೋಗುವಾಗ ಸಸಿಗಳು ಹಸಿರಾಗಿಯೇ ಇದ್ದವು. ದಪ್ಪ ಬೀಜ, ತಾಯಿ ಕಟ್ಟಿಕೊಟ್ಟ ಬುತ್ತಿ ಅಷ್ಟು ದಿನಕ್ಕೆ ಸಾಕು.

ಒಂಬತ್ತು ದಿನ ಬಿಟ್ಟು ಅವಳು ಕೆಲಸಕ್ಕೆ ಬಂದಳು. ಮನೆಯಲ್ಲಿ ಮೊಳೆಗೆ ಸಿಕ್ಕಿಸಿದ ಅಂಗಿ ನೋಡುತ್ತ ಕೂರುವುದಕ್ಕಿಂತ ಅದು ವಾಸಿ ಅನ್ನಿಸಿತು. ಆದರೆ ಇಲ್ಲಿ ಬೆನ್ನೂ ಇರಲಿಲ್ಲ.

ಬುತ್ತಿ ಮುಗಿಯಿತು. ಎರಡು ತಿಂಗಳು ತುಂಬುವಾಗ ಆರುನೂರೂ ಹಳದಿ. ಮೊದಲು ಕೆಳಗಿನ ಎಲೆ, ಆಮೇಲೆ ಮೇಲಿನದು. ಪಕ್ಕದ ಪಾತಿಯಲ್ಲಿ ಬೇರೆ ಮರದ ಬೀಜ, ಹುರಿಯದ ಮಣ್ಣು; ಅಲ್ಲಿನ ಸಸಿಗಳು ಮೊಣಕಾಲೆತ್ತರ ಬಂದಿದ್ದವು. ಇವು ಗೇಣಿಗೇ ನಿಂತವು.

ನರ್ಸರಿಯ ಮುಖ್ಯಸ್ಥೆ ಹೊಸಬಳು. ಎಲ್ಲರಿಗೂ ಮೇಡಂ. ಒಳ್ಳೆಯ ಹೆಂಗಸು, ಆದರೆ ತಲೆ ತುಂಬ ಕೆಲಸ. ಪಾತಿಯ ಮುಂದೆ ನಿಂತು ಮೇಸ್ತ್ರಿಯ ಹೆಂಡತಿಗೆ ಹೇಳಿದಳು.

"ಬೀಜವೇ ಸರಿಯಿಲ್ಲ ಇದು. ಎಲ್ಲಿಂದ ತಂದಿದ್ದು?"

"ನೀರಿನ ಟ್ಯಾಂಕಿನ ಕಾಂಪೌಂಡಿನ ಮರ, ಮೇಡಂ. ಅವರೇ ಹುಡುಕಿದ್ದು."

"ಹಾಗಿದ್ರೆ ಆ ಮರ ಇನ್ನು ಬೇಡ. ಬೀಜದ ಮರಗಳ ಪಟ್ಟಿಯಿಂದ ತೆಗೆಸ್ತೀನಿ. ಶನಿವಾರ ಈ ಪಾತಿ ಖಾಲಿ ಮಾಡಿಬಿಡಿ. ಗುಡ್ಡದವರಿಗೆ ಬೇರೆ ಕಡೆಯಿಂದ ಸಸಿ ತರಿಸೋಣ."

ಗುಡ್ಡ ಅಂದರೆ ಮಣ್ಣೆಲ್ಲ ತೊಳೆದುಹೋಗಿ ಕಲ್ಲು ಎದ್ದಿರುವ ಜಾಗ. ಅಲ್ಲಿಗೆ ಈ ಮರ ಬೇಕು. ತನ್ನ ಗೊಬ್ಬರ ತಾನು ಮಾಡಿಕೊಂಡು, ಎಲೆ ಉದುರಿಸಿ, ಮಣ್ಣು ಕಟ್ಟುತ್ತದೆ ಎಂದು.

ಮೇಡಂ ಹೋದ ಮೇಲೆ ಪೈಪು ಬಂದ. ನೀರು ಬಿಡುವವನು, ಅದಕ್ಕೇ ಆ ಹೆಸರು. ಮೇಸ್ತ್ರಿಯನ್ನು ಅಣ್ಣ ಎನ್ನುತ್ತಿದ್ದವನು.

"ಅತ್ತಿಗೆ, ತಲೆ ಕೆಡಿಸ್ಕೋಬೇಡಿ. ಸ್ಟೋರಲ್ಲಿ ಉಪ್ಪುಗೊಬ್ಬರ, ಯೂರಿಯಾ ಇದೆ. ಎರಡು ಹಿಡಿ ನೀರಲ್ಲಿ ಕರಗಿಸಿ ಹೊಡೀತೀನಿ. ಶನಿವಾರದೊಳಗೆ ಹಸಿರು ತಿರುಗುತ್ತೆ. ಅಣ್ಣನ ಬೀಜಕ್ಕೂ ಕೆಟ್ಟ ಹೆಸರು ಬರಲ್ಲ, ಪಾತಿಯೂ ಉಳಿಯುತ್ತೆ."

"ಗುಡ್ಡದ ಮೇಲೆ ಯಾರು ಹೊಡೀತಾರೆ?"

"ಅಲ್ಲಿ ಏನಾದರೇನು? ಲಾರಿ ಹತ್ತಿದ ಮೇಲೆ ನಮ್ಮದೇನಿದೆ?"

ಅವಳು ಅಲ್ಲೇ ಕುಳಿತು ಒಂದು ಚೀಲ ಹರಿದಳು. ಬೇರು ಬೋಳು. ಒಂದೂ ಗಂಟಿಲ್ಲ. ಅವಳಿಗೆ ಗೊತ್ತಿದ್ದದ್ದೇ. ಕೈಯಾರೆ ಉಣಿಸಿದರೆ ಗಿಡ ಗಂಟು ಕಟ್ಟುವ ಗೋಜಿಗೇ ಹೋಗುವುದಿಲ್ಲ ಎಂದು ಗಂಡ ಸಾವಿರ ಸಲ ಹೇಳಿದ್ದ. ಗುಡ್ಡಕ್ಕೆ ಹೋಗಿ ಒಂದು ಬೇಸಿಗೆಗೆ ಎಲ್ಲ ಸಾಯುತ್ತವೆ.

ಉಳಿಸಬೇಕಾದರೆ ತಾಯಿಮರದ ಮಣ್ಣು ಬೇಕು. ಟ್ಯಾಂಕಿನ ಹಳೆಯ ಕಾವಲುಗಾರ ಮೇಸ್ತ್ರಿಗೆ ದೋಸ್ತ, ಗೇಟು ತೆಗೆಯುತ್ತಿದ್ದ. ಈಗ ಬಂದವನು ಕಡ್ಡಿ ಮುರಿದ ಹಾಗೆ ಹೇಳಿದ: "ಕಾಗದ ತನ್ನಿ." ಕಾಗದ ಕೊಡಬೇಕಾದವಳು ಮೇಡಂ. ಯಾಕೆ ಎಂದು ಮೇಡಂ ಕೇಳುತ್ತಾಳೆ. ಕೇಳಿದರೆ, ಕೆಟ್ಟದ್ದು ಬೀಜವಲ್ಲ, ನನ್ನ ಗಂಡ ಕೆಡಿಸಿದ, ಎನ್ನಬೇಕು.

ಅವತ್ತು ಸಂಜೆ ಮಗಳಿಗೆ ಹೇಳಿದಳು. ಮಗಳು ಟೈಲರ್ ಅಂಗಡಿಗೆ ಹೋಗುತ್ತಿದ್ದಳು, ಉಳಿದದ್ದನ್ನು ಮನೆಗೆ ತಂದು ಗುಂಡಿ ಹಾಕುತ್ತಿದ್ದಳು. ಬಾಯಲ್ಲಿದ್ದ ದಾರ ಕಚ್ಚಿ ತುಂಡು ಮಾಡಿದಳು.

"ಅಮ್ಮಾ, ಅಪ್ಪ ಹೋಗಿ ಇನ್ನೂ ಎರಡು ತಿಂಗಳಾಗಿಲ್ಲ. ಸತ್ತವರ ಮೇಲೆ ತಪ್ಪು ಹೊರಿಸ್ತೀಯಾ?"

"ಹೊರಿಸೋದೇನು ಬಂತು? ಮಾಡಿದ್ದು ಅವರೇ."

"ಇಷ್ಟು ವರ್ಷದಲ್ಲಿ ಒಂದು ಮಾತು ಅನ್ನಿಸಿಕೊಂಡವರಲ್ಲ. ಗಿಡ ಅಂದ್ರೆ ಮೇಸ್ತ್ರಿ, ಮೇಸ್ತ್ರಿ ಅಂದ್ರೆ ಗಿಡ. ಅದನ್ನೂ ನೀನೇ ಕಳೀಬೇಕಾ? ಬೀಜ ಸರಿಯಿಲ್ಲ ಅಂದ್ರೆ ಅನ್ಲಿ ಬಿಡು. ಮರಕ್ಕೇನು ಮಾನ ಹೋಗುತ್ತಾ?"

"ಆ ಮರ ಹುಡುಕೋಕೆ ನಿಮ್ಮಪ್ಪ ಎರಡು ವರ್ಷ ಅಲೆದಿದ್ದಾರೆ."

"ಅಪ್ಪ ಇದ್ದಿದ್ರೆ ಅವರೇ ಹೇಳ್ತಿದ್ರಾ?"

ಅವಳು ಯೋಚಿಸಿದಳು. ಸುಳ್ಳು ಹೇಳಲಿಕ್ಕೆ ಬರಲಿಲ್ಲ.

"ಇಲ್ಲ," ಎಂದಳು. "ಗುಟ್ಟಾಗಿ ಗೋಡೆ ಹಾರಿ ಮಣ್ಣು ತರ್ತಿದ್ರು. ನನಗೆ ಹಾರೋಕೆ ಆಗಲ್ಲ."

ಮಗಳು ಮುಖ ತಿರುಗಿಸಿಕೊಂಡು ಸೂಜಿಗೆ ದಾರ ಪೋಣಿಸಿದಳು. ಆ ರಾತ್ರಿ ಊಟಕ್ಕೆ ಕರೆದರೂ ಬರಲಿಲ್ಲ.

ಮಾರನೇ ಬೆಳಿಗ್ಗೆ ಮೇಡಂ ಬಾಗಿಲ ಬೀಗ ತೆಗೆಯುವಾಗಲೇ ಅವಳು ಅಲ್ಲಿದ್ದಳು. ಕೈಯಲ್ಲಿ ಎರಡು ಸಸಿ, ಒಂದು ತಮ್ಮ ಪಾತಿಯದು, ಒಂದು ಪಕ್ಕದ ಪಾತಿಯದು. ಮೇಜಿನ ಮೇಲೆ ಹಳೆ ಪೇಪರ್ ಹಾಸಿ ಎರಡನ್ನೂ ಮಲಗಿಸಿದಳು. ಪಕ್ಕದ ಪಾತಿಯದರ ಬೇರಿಗೆ ಮಣಿ ಪೋಣಿಸಿದ ಹಾಗೆ ಗಂಟು. ಒಂದನ್ನು ಉಗುರಲ್ಲಿ ಸೀಳಿದಳು. ಒಳಗೆ ಕೆಂಪು.

"ಇದು ಕೆಲಸ ಮಾಡ್ತಿರೋ ಗಂಟು, ಮೇಡಂ. ನಮ್ಮ ಪಾತೀಲಿ ಇದಿಲ್ಲ. ಬೀಜ ಕೆಟ್ಟಿಲ್ಲ. ಮಣ್ಣು ಹುರಿದಿದ್ದೀವಿ."

"ಮಣ್ಣನ್ನ ಹುರಿಯೋದಾ?"

"ಕೊಳೆ ಬರಬಾರದು ಅಂತ. ತಾಯಿಮರದ ಮಣ್ಣನ್ನೂ ಹುರಿದ್ವಿ. ಅದನ್ನ ಹುರೀಬಾರದಾಗಿತ್ತು."

"ಯಾರು ಹೇಳಿದ್ದು ಹುರಿಯೋಕೆ?"

"ಯಾರೂ ಇಲ್ಲ. ನಮ್ಮೆಜಮಾನ್ರೇ. ನಾನು ಸೌದೆ ಹಾಕ್ದೆ."

ಮೇಡಂ ಅವಳ ಮುಖ ನೋಡಿದಳು. "ನೀವು ಸುಮ್ಮನಿದ್ದಿದ್ರೆ ನನಗೆ ಗೊತ್ತಾಗ್ತಾನೇ ಇರಲಿಲ್ಲ."

"ಅವು ಹಳದಿಯಾಗಿ ನಿಂತಿವೆ, ಮೇಡಂ. ಸುಮ್ಮನಿದ್ರೆ ಹಸಿರಾಗಲ್ಲ. ಒಂದು ಕಾಗದ ಬರ್ಕೊಡಿ. ಮಣ್ಣು ತರ್ಬೇಕು."

ಮೇಡಂ ಬರೆದುಕೊಟ್ಟಳು. ಒಂದೂವರೆ ತಿಂಗಳು ಅವಧಿ ಕೊಟ್ಟಳು. ಆಮೇಲೆ ಪಾತಿಯ ತಲೆಗಿದ್ದ ತಗಡಿನ ಚೀಟಿಯ ಮೇಲೆ, ಬಗೆ ಮತ್ತು ತಾರೀಖಿನ ಕೆಳಗೆ, ಒಂದು ಸಾಲು ಸೇರಿಸಿದಳು: ಮಣ್ಣು ಹುರಿದದ್ದು, ಮೇಸ್ತ್ರಿ. ಅದು ಕಚೇರಿಯ ಪದ್ಧತಿ. ಮಧ್ಯಾಹ್ನದೊಳಗೆ ನರ್ಸರಿಯವರೆಲ್ಲ ಓದಿದರು.

ಪೈಪು ತಳ್ಳುಗಾಡಿ ತಂದ. ಬೈದುಕೊಂಡೇ ಬಂದ. "ಹಸಿರು ಮಾಡೋ ದಾರಿ ಅಂಗೈಯಲ್ಲಿತ್ತು. ನೀವು ಊರು ಸುತ್ತೋ ದಾರಿ ಹಿಡಿದ್ರಿ, ಅತ್ತಿಗೆ." ಬೈದರೂ ಅಗೆದ. ಟ್ಯಾಂಕಿನ ಹಿಂದೆ ಆ ಮರ ಅರ್ಧ ಕಾಂಪೌಂಡಿಗೆ ನೆರಳು ಹಾಸಿತ್ತು. ಬುಡದ ತರಗೆಲೆ ಸರಿಸಿದರೆ ಕಪ್ಪು ಮಣ್ಣು, ಸಣ್ಣ ಬೇರು, ಬೇರಲ್ಲಿ ಗಂಟು. ಅದನ್ನು ಒದ್ದೆ ಗೋಣಿಚೀಲಕ್ಕೆ ತುಂಬಿದರು. ಬಿಸಿಲು ತಾಗಬಾರದು.

ಬಕೆಟ್ಟಿಗೆ ಮಣ್ಣು ಹಾಕಿ, ನೀರು ಹೊಯ್ದು, ಕೈಯಲ್ಲಿ ಕಲಸಿ, ಚಹಾ ಬಣ್ಣದ ನೀರನ್ನು ಒಂದೊಂದು ಚೀಲಕ್ಕೆ ಒಂದೊಂದು ಲೋಟ ಹೊಯ್ದಳು. ಮೇಲೆ ಕಡ್ಡಿಯಲ್ಲಿ ತೂತು ಮಾಡಿ ಒಂದು ಚಿಟಿಕೆ ಮಣ್ಣು. ಆರುನೂರು ಸಲ ಬಗ್ಗಿದಳು. ನಾಲ್ಕು ದಿನ ಹಿಡಿಯಿತು. ಐದನೇ ದಿನ ಸೊಂಟ ನೆಟ್ಟಗಾಗಲಿಲ್ಲ.

ಮೊದಲ ಎರಡು ವಾರ ಏನೂ ಆಗಲಿಲ್ಲ. ಕೆಲವು ಸತ್ತವು. ಅವಳು ಸತ್ತದ್ದನ್ನು ಎತ್ತಿ ಪಕ್ಕಕ್ಕಿಟ್ಟಳು, ಉಳಿದದ್ದಕ್ಕೆ ನೀರು ಹಾಕಿದಳು. ಅಜ್ಜಿಗೆ ಬಾಯಿ ಸುಮ್ಮನಿರುವುದಿಲ್ಲ.

"ಇವತ್ತೇನಾದ್ರೂ ಹುರೀತೀಯೇನೇ?"

"ನಿನ್ನ ನಾಲಿಗೆ ಕೊಡು, ಹುರೀತೀನಿ."

ಅಜ್ಜಿ ಕೆಮ್ಮು ಬರುವಷ್ಟು ನಕ್ಕಳು. ಆಮೇಲೆ ತನ್ನ ಚೀಲ ಬಿಟ್ಟು ಬಂದು ಅವಳ ಜೊತೆ ಕಳೆ ಕಿತ್ತಳು.

ಇಪ್ಪತ್ತಾರನೇ ದಿನ ತುದಿಯ ಎಲೆಗಳಲ್ಲಿ ಬಣ್ಣ ಬಂತು. ಗಾಢ ಹಸಿರಲ್ಲ, ಹಣ್ಣಾಗುವ ನಿಂಬೆಯ ಹಸಿರು. ಅವಳು ಯಾರಿಗೂ ಹೇಳಲಿಲ್ಲ. ಕಣ್ಣಿನ ಭ್ರಮೆ ಇದ್ದೀತು ಎಂದು ಮೂರು ದಿನ ಕಾದಳು. ನಾಲ್ಕನೇ ದಿನ ಪೈಪು ಪಾತಿಯ ಆ ತುದಿಯಿಂದ ಕೂಗಿದ. "ಅತ್ತಿಗೇ! ತಿರುಗಿತು!"

ಅವಧಿ ಮುಗಿಯುವಾಗ ಐನೂರ ಹದಿನೇಳು ಉಳಿದಿದ್ದವು. ಮೇಡಂ ನಡುವಿನಿಂದ ಹತ್ತು ಚೀಲ ಆರಿಸಿ ಬೇರು ನೋಡಿದಳು. "ಕಳಿಸಬಹುದು," ಎಂದಳು. "ಮರ ಪಟ್ಟಿಯಲ್ಲೇ ಇರಲಿ." ಅಷ್ಟೇ ಹೇಳಿ ಹೋದಳು. ಅಷ್ಟು ಸಾಕಿತ್ತು.

ಗುಡ್ಡದ ಲಾರಿ ಬಂದ ದಿನ ಟೈಲರ್ ಅಂಗಡಿಗೆ ರಜ. ಮಗಳು ಎತ್ತಿ ಕೊಡಲಿಕ್ಕೆ ಬಂದಳು. ಕರೆದಿರಲಿಲ್ಲ, ತಾನೇ ಬಂದಳು. ತಗಡಿನ ಚೀಟಿ ಓದಿದಳು. ತುಟಿ ಬಿಗಿಯಾಯಿತು.

ಗುಡ್ಡದಿಂದ ಬಂದವನು ಲಾರಿಯ ಮೇಲೆ ನಿಂತು ಚೀಲ ಜೋಡಿಸುತ್ತಿದ್ದ. "ಒಳ್ಳೆ ಸಸಿ. ಯಾರು ಮಾಡಿದ್ದಮ್ಮ ಈ ಪಾತಿ?"

ಅಜ್ಜಿ ಬಾಯಿ ಹಾಕಿದಳು. "ಮಣ್ಣು ಹುರಿದ ಮೇಸ್ತ್ರಿ! ಬೀಜ ಹುರೀಲಿಲ್ಲ, ನಿಮ್ಮ ಪುಣ್ಯ!"

ಎಲ್ಲರೂ ನಕ್ಕರು. ಪೈಪು ಕೂಡ. ಮಗಳ ಮುಖ ಕೆಂಪಾಯಿತು.

"ನೋಡಮ್ಮ, ಹೇಗೆ ನಗ್ತಾರೆ. ಇನ್ನು ಅಪ್ಪ ಅಂದ್ರೆ ಇದೇ ನೆನಪಿರುತ್ತೆ ಇವರಿಗೆ."

"ಇಪ್ಪತ್ತಾರು ವರ್ಷ ಅವರು ಇವರನ್ನೆಲ್ಲ ನೋಡಿ ನಕ್ಕಿದ್ದಾರೆ. ಈಗ ಇವರೂ ನಗಲಿ."

"ನಿನಗೇನೂ ಅನ್ನಿಸಲ್ವಾ?"

"ಅನ್ನಿಸುತ್ತೆ."

ಮಗಳು ಎರಡು ಸಸಿಗಳ ಕಾಂಡ ಹಿಡಿದು ಎತ್ತಿದಳು.

"ಕತ್ತು ಹಿಡೀಬೇಡ. ಕೆಳಗೆ ಕೈ ಕೊಡು, ಬೇರಿಗೆ ಭಾರ ಬೀಳಬಾರದು."

ಮಗಳು ಸಸಿಗಳನ್ನು ಕೆಳಗಿಟ್ಟು, ಚೀಲದಡಿ ಕೈಕೊಟ್ಟು ಎತ್ತಿದಳು. ಆಮೇಲೆ ಕೊನೆಯ ಚೀಲದವರೆಗೂ ಹಾಗೇ ಎತ್ತಿದಳು.

ಲಾರಿ ತುಂಬಿತು. ಡ್ರೈವರ್ ಟಾರ್ಪಾಲು ಹಾಕದೆ ಹೊರಡುವುದರಲ್ಲಿದ್ದ. ಅವಳು ನಿಲ್ಲಿಸಿದಳು. "ಗಾಳಿಗೆ ಎಳೆ ಎಲೆ ಹರಿದುಹೋಗುತ್ತೆ. ಎರಡು ನಿಮಿಷ ನಿಲ್ಲಪ್ಪ." ತಾನೇ ಹತ್ತಿ ಒಂದು ಬದಿ ಕಟ್ಟಿದಳು. ಇನ್ನೊಂದು ಬದಿಯ ಹಗ್ಗವನ್ನು ಕೆಳಗಿನಿಂದ ಮಗಳು ಎಳೆದು ಹಿಡಿದಳು.