ಟೋಕಿಯೋದ ಸಹಿ

ಬಹರೈನಿನ ಮನಾಮದ ಒಂದು ಜಪಾನಿ ಆಫೀಸಿನಲ್ಲಿ ನಾನು ಡ್ರೈವರ್. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ತೆರಿಗೆ ಅಂದರೆ ಪಂಚಾಯತಿಗೆ ಕಟ್ಟುವ ಮನೆ ತೆರಿಗೆ, ಅಷ್ಟೇ ಗೊತ್ತಿದ್ದದ್ದು. ಕೊನೆಗೆ ನನ್ನನ್ನು ಕಟ್ಟಿಹಾಕಿದ್ದೇ ತೆರಿಗೆ.

ಕಂಪೆನಿ ಸಮುದ್ರದ ಆಚೆ ಸೌದಿಗೆ ಪಂಪು ಮಾರುತ್ತಿತ್ತು. ಟೋಕಿಯೋದಿಂದ ಒಬ್ಬ ತೆರಿಗೆ ಸಲಹೆಗಾರ ಬಂದು ಎರಡು ದಿನ ಮ್ಯಾನೇಜರನ ಜೊತೆ ಬಾಗಿಲು ಹಾಕಿ ಕೂತ. ಅವನು ಹೋದ ಮೇಲೆ ಉಡುಪಿ ಕಡೆಯ ನಮ್ಮ ಕ್ಲರ್ಕ್ ನನಗೆ ಬಿಡಿಸಿ ಹೇಳಿದರು.

"ಇಲ್ಲಿ ತೆರಿಗೆ ಇಲ್ಲ, ಆಚೆ ಉಂಟು. ನಮ್ಮ ಮ್ಯಾನೇಜರ್ ಅಲ್ಲಿಯ ವ್ಯಾಪಾರಕ್ಕೆ ಸಹಿ ಹಾಕಿದ್ರೆ, ನಿಮ್ಮ ಅಂಗಡಿಯೇ ಇಲ್ಲಿ ಉಂಟು, ತೆರಿಗೆ ಕಟ್ಟಿ ಅಂತಾರಂತೆ ಸೌದಿಯವರು. ಇನ್ನು ಸಹಿ ಎಲ್ಲ ಟೋಕಿಯೋದಲ್ಲೇ."

"ಹಾಕ್ಲಿ. ನನಗೆಂತ ಅಣ್ಣ?"

ಮರುವಾರ ಗೊತ್ತಾಯಿತು. ನನ್ನ ಮದುವೆಗೆ ಮೂರು ವಾರ ಇತ್ತು. ಹುಡುಗಿ ಕಡೆಯವರು ಕಾಗದ ಹಂಚಿ ಆಗಿತ್ತು. ಪಾಸ್‌ಪೋರ್ಟ್ ಮ್ಯಾನೇಜರನ ಕಪಾಟಿನಲ್ಲಿ. ರಜೆ ಅರ್ಜಿಗೆ ಸಹಿ ಬೀಳದೆ ಅದು ಹೊರಗೆ ಬರುವುದಿಲ್ಲ. ಅವನು ಅರ್ಜಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ, ತಲೆ ಬಗ್ಗಿಸಿದ, ಟೋಕಿಯೋದ ಲಕೋಟೆಗೆ ಹಾಕಿದ.

ಕ್ಲರ್ಕ್ ಇಂಗ್ಲಿಷಿನಲ್ಲಿ ವಾದ ಮಾಡಿದರು: "ಸಾರ್, ಇದು ಪಂಪಲ್ಲ. ಇವನ ಮದುವೆ."

"ಯಾವ ಕಾಗದ ಕಳಿಸಬೇಕು, ಯಾವುದು ಬೇಡ ಅಂತ ನಾನು ತೀರ್ಮಾನ ಮಾಡಿದರೆ, ತೀರ್ಮಾನ ಇಲ್ಲೇ ಆದ ಹಾಗಲ್ಲವೇ?" ಅಂದ ಮ್ಯಾನೇಜರ್.

ಟೋಕಿಯೋದಲ್ಲಿ ಅರ್ಜಿ ಐದು ಮೇಜು ದಾಟಬೇಕಿತ್ತು. ಮೇಜಿಗೊಂದು ಮುದ್ರೆ. ಇತ್ತ ನಾನು ವಾರಕ್ಕೆ ಮೂರು ಸಲ ಏರ್‌ಪೋರ್ಟಿಗೆ ಹೋಗಿ, ಬೇರೆಯವರ ಪೆಟ್ಟಿಗೆ ಇಳಿಸಿಕೊಟ್ಟು ಬರುತ್ತಿದ್ದೆ.

ಟ್ರಂಕ್ ಕಾಲ್‌ನಲ್ಲಿ ಹುಡುಗಿಯ ಅಪ್ಪ ಕೇಳಿದರು: "ನಮ್ಮ ಮಗಳು ಮಂಟಪದಲ್ಲಿ ಯಾರ ಹತ್ರ ಕೂತುಕೊಳ್ಳುದು? ನಿನ್ನ ಅರ್ಜಿ ಹತ್ರವಾ?"



ಮದುವೆಗೆ ಎಂಟು ದಿನ ಇರುವಾಗ ಸಲಹೆಗಾರ ಮತ್ತೆ ಬಂದ. ಕಾರಿನಲ್ಲೇ ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದೆ. ಡ್ರೈವರನ ರಜೆಗೆ ಯಾವ ದೇಶವೂ ತೆರಿಗೆ ಹಾಕುವುದಿಲ್ಲ, ಸಹಿ ಇಲ್ಲೇ ಹಾಕಬಹುದು ಅಂದ. ಆಫೀಸಿನಲ್ಲಿ ಮ್ಯಾನೇಜರನಿಗೂ ಅದನ್ನೇ ಹೇಳಿದ. ಮ್ಯಾನೇಜರ್ ಪೂರ್ತಿ ಕೇಳಿ, ಇದನ್ನು ಬರೆದು ಕೊಡಿ ಅಂದ. ಕೊಡುತ್ತೇನೆ, ಆದರೆ ನನ್ನ ಸಲಹೆಯೂ ಟೋಕಿಯೋ ಆಫೀಸಿನಿಂದಲೇ ಬರಬೇಕು ಅಂದ ಸಲಹೆಗಾರ. ಇಬ್ಬರೂ ತಲೆ ಬಗ್ಗಿಸಿದರು.

ಕ್ಲರ್ಕ್ ನನ್ನ ಮುಖ ನೋಡಲಿಲ್ಲ. "ಚಾ ಕುಡಿವಾ ಮಾರಾಯ" ಅಂದರು.

ಮುಹೂರ್ತ ದಾಟಿ ನಾಲ್ಕು ದಿನಕ್ಕೆ ಅರ್ಜಿ ಬಂತು, ಐದು ಕೆಂಪು ಮುದ್ರೆ ಸಮೇತ. ರಜೆಯ ತಾರೀಕು ಕಳೆದುಹೋಗಿದೆ, ಹೊಸ ಅರ್ಜಿ ಬೇಕು ಅಂತ ಮ್ಯಾನೇಜರ್ ಫಾರಂ ಕೊಟ್ಟ. ಅಷ್ಟರಲ್ಲಿ ಹುಡುಗಿಗೆ ಅದೇ ಮುಹೂರ್ತದಲ್ಲಿ ಬೇರೆ ಗಂಡಿನ ಜೊತೆ ಮದುವೆ ಆಗಿತ್ತು. ರಜೆಗೆ ಕಾರಣ ಅಂತ ಇದ್ದ ಜಾಗದಲ್ಲಿ ಏನು ಬರೆಯಬೇಕೋ ತಿಳಿಯಲಿಲ್ಲ. ಖಾಲಿ ಫಾರಂ ಮ್ಯಾನೇಜರನ ಮೇಜಿನ ಮೇಲಿಟ್ಟು ಕಾರು ತೊಳೆಯಲು ಹೋದೆ.