ಬಿಚ್ಚಬಾರದ ಮುಖ

ಇಳಕಲ್ಲಿಗೆ ಬಂದ ಮೊದಲ ಬೆಳಿಗ್ಗೆ ನೆಲ ಅದುರಿತು. ಭೂಕಂಪವೆಂದು ಬೀದಿಗೆ ಓಡಿದೆ. ಮನೆಯೊಡತಿ ಗೌರವ್ವ ಕಟ್ಟೆಯ ಮೇಲೆ ಕುಳಿತು ಚಾ ಕುಡಿಯುತ್ತಿದ್ದರು. “ಬಾಜೂ ಮನಿ ಪವರ್‌ಲೂಮ್ ಅಕ್ಕಾರ. ಅದು ನಿಂತಾಗ ಅಂಜಬೇಕ್ರಿ,” ಎಂದರು.

ಮೈಸೂರಿನ ನಮ್ಮ ಬೀದಿ ಎಂಟಾದರೂ ಆಕಳಿಸುತ್ತಿರುತ್ತದೆ. ಇಲ್ಲಿ ಬಿಸಿಲಿಗೂ ಪುರುಸೊತ್ತಿಲ್ಲ. ಕಾಫಿ ಮರೆತೆ, ಜೋಳದ ರೊಟ್ಟಿ ಮುರಿಯಲು ಕಲಿತೆ. ನನ್ನ ಕನ್ನಡ ಕೇಳಿದರೆ ಮಾತ್ರ ಅಂಗಡಿಯವನು ಸರ್ಕಾರಿ ಆಫೀಸಿನವಳೆಂದು ಎದ್ದು ನಿಲ್ಲುತ್ತಿದ್ದ. ಆಗೆಲ್ಲ ತೀರಾ ಒಂಟಿ ಎನಿಸುತ್ತಿತ್ತು.

ನಾನು ಬಂದದ್ದು ಅಮ್ಮನಿಗಾಗಿ. ಅವಳು ತೀರಿಕೊಂಡ ಮೇಲೆ ಉಳಿದದ್ದು ಒಂದೇ ಫೋಟೊ, ಅದೂ ಬೆರಳಗಲ. ಅವಳಿಗೆ ಇಳಕಲ್ ಸೀರೆಯೆಂದರೆ ಪ್ರಾಣ. ನಾನು ಚಿತ್ರ ಬರೆಯುವವಳು. ಕಂಪ್ಯೂಟರು ಟಿವಿಯಷ್ಟೇ ದಪ್ಪವಿದ್ದ ಕಾಲ. ಫೋಟೊವನ್ನು ಅದರೊಳಗೆ ಹಾಕಿ ಚೌಕ ಚೌಕವಾಗಿ ಒಡೆದು, ಕಾಗದದ ಮೇಲೆ ಅಚ್ಚು ಹಾಕಿಸಿದೆ. ಚೌಕಕ್ಕೊಂದು ಹೊಲಿಗೆಯಂತೆ ಸೆರಗಿನ ಮೇಲೆ ಅಮ್ಮನ ಮುಖ ಕಸೂತಿಯಾಗಬೇಕು, ಪ್ರದರ್ಶನದಲ್ಲಿ ತೂಗಬೇಕು ಎಂಬ ಹಠ. ಗೌರವ್ವ ಬಟ್ಟೆಯ ಎಳೆ ಎಣಿಸಿಯೇ ಆನೆ, ಗೋಪುರ ಮೂಡಿಸುವವರು. “ಗಿಣಿ ಹಾಕೇನ್ರಿ, ಆನಿ ಹಾಕೇನ್ರಿ. ಮಂದಿ ಮಾರಿ ಎಂದೂ ಹಾಕಿಲ್ರಿ,” ಎಂದರು. ಮಾರಿ ಎಂದರೆ ಇಲ್ಲಿ ಮುಖ. ಕಾಡಿ ಬೇಡಿ ಒಪ್ಪಿಸಿದೆ.

ಮಳೆಗಾಲ ಕಳೆದು ಚಳಿ ಬಂತು. ಮುಗಿದ ಸೆರಗನ್ನು ಗೋಡೆಗೆ ಹಿಡಿದು ನೋಡಿದೆ. ಅಮ್ಮನ ದುಂಡು ಮುಖ ಉದ್ದವಾಗಿತ್ತು, ಗಲ್ಲ ಇಳಿದಿತ್ತು. ಕಂಪ್ಯೂಟರ್ ಪರದೆಯ ಚೌಕ ನಾಲ್ಕೂ ಕಡೆ ಸಮ. ಆದರೆ ಕೈಮಗ್ಗದ ಆ ಬಟ್ಟೆಯಲ್ಲಿ ಉದ್ದದ ಎಳೆ ದಟ್ಟ, ಅಡ್ಡದ ಎಳೆ ವಿರಳ; ಎಳೆ ಎಣಿಸಿ ಹಾಕಿದ ಪ್ರತಿ ಚೌಕವೂ ಉದ್ದಕ್ಕೆ ಹಿಗ್ಗಿತ್ತು. ಗಿಣಿ ತುಸು ಉದ್ದವಾದರೂ ಗಿಣಿಯೇ ತಾನೆ? ಗೌರವ್ವನಿಗೂ ಅದು ಹೊಳೆದಿರಲಿಲ್ಲ.

“ಬಿಚ್ಚಿ ಮತ್ತೆ ಹಾಕೋಣ,” ಎಂದೆ. ಕಂಪ್ಯೂಟರಿನಲ್ಲಿ ಸರಿಪಡಿಸುವುದು ಒಂದು ಗಳಿಗೆಯ ಕೆಲಸ.

ಗೌರವ್ವ ಸೆರಗನ್ನು ಎದೆಗೆ ಒತ್ತಿಕೊಂಡರು. “ಕಣ್ಣು ಮೂಡಿದ ಮ್ಯಾಲೆ ಬಿಚ್ಚಬಾರ್ದವಾ. ಒಮ್ಮೆ ಸತ್ತಾಳ. ಮತ್ತ ನನ್ನ ಕೈಲೆ ಸಾಯಸಬ್ಯಾಡ.”

ನಾನು ಅತ್ತುಬಿಟ್ಟೆ. ಪ್ರದರ್ಶನಕ್ಕೆ ಕಳಿಸಲಿಲ್ಲ.

ಮೈಸೂರಿಗೆ ಹೋದಾಗ ಅಕ್ಕನೆದುರು ಸೆರಗು ಬಿಡಿಸಿದೆ. “ಯಾರೇ ಇವಳು?” ಎಂದಳು. ಮಡಚಿಕೊಂಡು ಮತ್ತೆ ಇಳಕಲ್ಲಿನ ಬಸ್ಸು ಹತ್ತಿದೆ. ಅದೀಗ ನನ್ನ ಬಾಡಿಗೆ ಕೋಣೆಯ ಗೋಡೆಯಲ್ಲಿದೆ. ಹಬ್ಬ ಬಂದರೆ ಗೌರವ್ವ “ನಿಮ್ಮವ್ವಗ” ಎಂದು ಹೂವು ತಂದು ಏರಿಸುತ್ತಾರೆ. ಕಣ್ಣು ಮುಚ್ಚಿದರೆ ನನಗೂ ಆ ಉದ್ದ ಮುಖವೇ ಬರುತ್ತದೆ. ಫೋಟೊ ತೆಗೆದು ನೋಡಿದರೆ, ಅದರಲ್ಲಿರುವ ದುಂಡು ಮುಖದವಳು ಬೇರೆ ಯಾರದೋ ಅಮ್ಮನಂತೆ ಕಾಣುತ್ತಾಳೆ.